ಬ್ಯಾಂಕ್ ಆರಿಸಿ, ಬಣ್ಣ ನಿಮ್ಮಿಷ್ಟ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ದಕ್ಷಿಣದಲ್ಲಿ ಲೆತ್‌ಬ್ರಿಜ್ ಅಂತ ಒಂದು ಊರು. ಜನ ಒಂದು ಲಕ್ಷದ ಹತ್ತಿರ, ಗಾಳಿ ಲೆಕ್ಕಕ್ಕೆ ಸಿಗದಷ್ಟು. ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: "ಯಾವ ಬ್ಯಾಂಕ್ ಒಳ್ಳೇದು ಸರ್?" ಪಾಪ, ಮುಗ್ಧ ಪ್ರಶ್ನೆ. ಉತ್ತರಕ್ಕೆ ಹತ್ತು ಜನ ಸೇರುತ್ತಾರೆ. ಒಬ್ಬೊಬ್ಬರೂ ತಮ್ಮ ಬ್ಯಾಂಕನ್ನು ಅರ್ಧ ಗಂಟೆ ಬೈದು, ಕೊನೆಗೆ ಅದಕ್ಕೇ ಸೇರಿಕೊಳ್ಳಿ ಅನ್ನುತ್ತಾರೆ.

ಆಯ್ಕೆಗೇನೂ ಬರವಿಲ್ಲ, ಒಂದೊಂದು ಬ್ಯಾಂಕಿನ ಬೋರ್ಡಿಗೂ ಒಂದು ಬಣ್ಣ. ಹಸಿರು ಬೇಕಾದರೆ ಟಿಡಿ. ಕೆಂಪು ಬೇಕಾದರೆ ಸ್ಕೋಷಿಯಾ. ನೀಲಿಯಲ್ಲಿ ಆರ್‌ಬಿಸಿ, ಬಿಎಂಒ ಎರಡಿವೆ. ಕಡುಗೆಂಪು ಸಿಐಬಿಸಿಗೆ. ಆರನೆಯದು ಮಾಂಟ್ರಿಯಲ್ ಮೂಲದ ನ್ಯಾಷನಲ್ ಬ್ಯಾಂಕ್. ಇಡೀ ದೇಶದ ಬ್ಯಾಂಕ್ ವ್ಯವಹಾರದಲ್ಲಿ ಶೇ. 90ರ ಆಸುಪಾಸು ಈ ಆರರ ಕೈಯಲ್ಲೇ ಇದೆ. ಒಂದೇ ಹಿಟ್ಟಿನ ದೋಸೆ, ಹೋಟೆಲ್ ಬೋರ್ಡು ಮಾತ್ರ ಬೇರೆ. ಸಾಮಾನ್ಯ ಖಾತೆಗೆ ತಿಂಗಳಿಗೆ 11ರಿಂದ 17 ಡಾಲರ್ ಶುಲ್ಕ, ರಾಜಮರ್ಯಾದೆ ಬೇಕಾದರೆ 30ರ ಹತ್ತಿರ. ಖಾತೆಯಲ್ಲಿ ಮೂರು ನಾಲ್ಕು ಸಾವಿರ ಡಾಲರ್ ಅಲುಗಾಡದೆ ಬಿದ್ದಿದ್ದರೆ ಶುಲ್ಕ ಮಾಫಿ. ಅಂದರೆ ದುಡ್ಡಿದ್ದವನಿಗೆ ಪುಕ್ಕಟೆ, ಸಂಬಳ ಬಂದ ವಾರಕ್ಕೇ ಖಾಲಿಯಾಗುವವನಿಗೆ ಬಾಡಿಗೆ. ಎಂಥ ನ್ಯಾಯ ಅಲ್ವಾ?

ಇದು ಸರಿಯಿಲ್ಲ, ಶಾಖೆಯೇ ಇಲ್ಲದ ಆನ್‌ಲೈನ್ ಬ್ಯಾಂಕಿಗೆ ಹೋಗುತ್ತೇನೆ ಅಂತ ಕೆಲವರು ಬಂಡಾಯ ಏಳುತ್ತಾರೆ. ಟ್ಯಾಂಜರೀನ್ ಸೇರುತ್ತಾರೆ. ಅದು ಸ್ಕೋಷಿಯಾದ್ದು. ಸಿಂಪ್ಲೀ ಸೇರುತ್ತಾರೆ. ಅದು ಸಿಐಬಿಸಿಯದು. ಬಂಡಾಯಗಾರರಿಗೂ ಒಂದು ಕೌಂಟರ್ ತೆರೆದಿಟ್ಟಿದ್ದಾರೆ, ಪುಣ್ಯಾತ್ಮರು.

ಹಾಗಂತ ಸರ್ಕಾರ ನಿದ್ದೆ ಮಾಡುತ್ತಿದೆ ಅನ್ನಬೇಡಿ. 1998ರಲ್ಲಿ ರಾಯಲ್ ಬ್ಯಾಂಕ್ (ಅದೇ ಆರ್‌ಬಿಸಿ) ಮತ್ತು ಬ್ಯಾಂಕ್ ಆಫ್ ಮಾಂಟ್ರಿಯಲ್ (ಅದೇ ಬಿಎಂಒ) ಒಂದಾಗುತ್ತೇವೆ ಅಂದವು, ಅದನ್ನು ನೋಡಿ ಸಿಐಬಿಸಿ ಮತ್ತು ಟಿಡಿ ನಾವೂ ಒಂದಾಗುತ್ತೇವೆ ಅಂದವು. ಹಣಕಾಸು ಸಚಿವ ಪಾಲ್ ಮಾರ್ಟಿನ್ ಎರಡಕ್ಕೂ ಆಗಲ್ಲ ಅಂದರು. ಸ್ಪರ್ಧೆ ಉಳಿಯಬೇಕಲ್ಲ! ದೊಡ್ಡವರು ದೊಡ್ಡವರನ್ನು ನುಂಗಬಾರದು, ಸರಿ. ಚಿಕ್ಕವರನ್ನು? 2024ರ ಮಾರ್ಚ್‌ನಲ್ಲಿ ಏಳನೇ ದೊಡ್ಡ ಬ್ಯಾಂಕಾಗಿದ್ದ ಎಚ್‌ಎಸ್‌ಬಿಸಿ ಕೆನಡಾವನ್ನು ಆರ್‌ಬಿಸಿ 1,350 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕಮ್ಮಿ ಬಡ್ಡಿಗೆ ಮನೆ ಸಾಲ ಕೊಟ್ಟು ಉಳಿದವರ ನಿದ್ದೆ ಕೆಡಿಸುತ್ತಿದ್ದ ಬ್ಯಾಂಕದು. ಮರುವರ್ಷ ಫೆಬ್ರವರಿಯಲ್ಲಿ ಇದೇ ಆಲ್ಬರ್ಟಾದ ಕೆನಡಿಯನ್ ವೆಸ್ಟರ್ನ್ ಬ್ಯಾಂಕ್ ನ್ಯಾಷನಲ್ ಬ್ಯಾಂಕಿನ ಹೊಟ್ಟೆ ಸೇರಿತು. ಸ್ಪರ್ಧೆ ಕ್ಷೇಮವಾಗಿದೆ, ಒಳಗಡೆ ಇದೆ.

ವಿದ್ಯಾರ್ಥಿಗಳ ಕಥೆ ಇನ್ನೂ ಚೆಂದ. ಅವರು ಊರು ನೋಡುವ ಮೊದಲೇ ಬ್ಯಾಂಕ್ ಆರಿಸಿರುತ್ತಾರೆ. ದಾವಣಗೆರೆಯಲ್ಲೋ ತುಮಕೂರಲ್ಲೋ ಕೂತು, ಅಪ್ಪನ ಸೈಟ್ ಅಡವಿಟ್ಟು, ಕೆನಡಾದ ಬ್ಯಾಂಕಿನಲ್ಲಿ ಜಿಐಸಿ ಅನ್ನೋ ಠೇವಣಿ ಇಡುತ್ತಾರೆ. ವೀಸಾಗೆ ತೋರಿಸಬೇಕಾದ ಖರ್ಚಿನ ಮೊತ್ತ ಮೊದಲು 10,000 ಡಾಲರ್ ಇತ್ತು, 2024ರ ಜನವರಿಯಲ್ಲಿ ಒಮ್ಮೆಗೇ 20,635ಕ್ಕೆ ಏರಿತು. ಹುಡುಗ ಇಲ್ಲಿಗೆ ಬಂದಿಳಿದ ಮೇಲೆ ಅವನದೇ ದುಡ್ಡನ್ನು ತಿಂಗಳು ತಿಂಗಳು ಕಂತಿನಲ್ಲಿ ಅವನಿಗೇ ಕೊಡುತ್ತಾರೆ. ಜೊತೆಗೆ 'ಹೊಸಬರಿಗೆ ಸ್ವಾಗತ' ಪ್ಯಾಕೇಜು, ಒಂದು ವರ್ಷ ಶುಲ್ಕವಿಲ್ಲ. ಎರಡನೇ ವರ್ಷ ನೀವು ಹೊಸಬರಲ್ಲ. ಸ್ವಾಗತ ಮುಗಿಯಿತು, ಮೀಟರ್ ಶುರು.

ಊರಿಂದ ಅಪ್ಪ ಸ್ವಲ್ಪ ದುಡ್ಡು ಕಳಿಸಿದರೆ, ಇದು ಎಲ್ಲಿಂದ ಬಂತು, ಯಾಕೆ ಬಂತು ಅಂತ ವಿಚಾರಿಸುವ ಶ್ರದ್ಧೆ ಬೇರೆ. ಕಾನೂನು, ಬೇಡ ಅನ್ನುವ ಹಾಗಿಲ್ಲ. ಆದರೆ ಗಡಿಯಾಚೆ ಅಮೆರಿಕದಲ್ಲಿ ಕಪ್ಪುಹಣ ಬಿಳಿ ಮಾಡುವವರ ಮೇಲೆ ಸರಿಯಾಗಿ ಕಣ್ಣಿಡದೆ, 2024ರ ಅಕ್ಟೋಬರ್‌ನಲ್ಲಿ ತಪ್ಪೊಪ್ಪಿಕೊಂಡು, ಸುಮಾರು 300 ಕೋಟಿ ಅಮೆರಿಕನ್ ಡಾಲರ್ ದಂಡ ತೆರಲು ಒಪ್ಪಿದ್ದು ಟಿಡಿ. ಆ ಶ್ರದ್ಧೆ ಆಗ ಊಟಕ್ಕೆ ಹೋಗಿತ್ತೇನೋ.

ಸರಿ, ಬ್ಯಾಂಕೇ ಬೇಡ, ಕ್ರೆಡಿಟ್ ಯೂನಿಯನ್ ಇದೆಯಲ್ಲ? ಇದೆ. ಅಲ್ಫೋನ್ಸ್ ದೆಜಾರ್ಡಾನ್ ಅನ್ನುವವರು 1900ರಲ್ಲಿ ಕ್ವಿಬೆಕ್‌ನ ಲೆವಿಯಲ್ಲಿ ಇಂಥ ಸಹಕಾರ ಸಂಸ್ಥೆ ಕಟ್ಟಿದರು. ಮರುವರ್ಷ ಜನವರಿಯಲ್ಲಿ ಮೊದಲ ಸಲ ಠೇವಣಿ ತೆಗೆದುಕೊಂಡಾಗ ಸೇರಿದ್ದು 26.40 ಡಾಲರ್. ನಮ್ಮ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಶುರು ಮಾಡಿದ್ದು 1905ರಲ್ಲಿ, ಹತ್ತಿರ ಹತ್ತಿರ ಅದೇ ಕಾಲ. ಹಾಗಾಗಿ ಸೊಸೈಟಿ ಅಂದರೇನು ಅಂತ ಉತ್ತರ ಕರ್ನಾಟಕದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕೆಲವು ಡಾಲರ್ ಕೊಟ್ಟು ಷೇರು ತಗೊಂಡರೆ ನೀವು ಗ್ರಾಹಕರಲ್ಲ, ಮಾಲೀಕರು! ಮಾಲೀಕರು ಸಾಲಿನಲ್ಲಿ ನಿಂತು, ಮಾಲೀಕರೇ ಶುಲ್ಕ ಕಟ್ಟಿ, ವರ್ಷಕ್ಕೊಮ್ಮೆ ಯಾರು ಅಂತಲೇ ಗೊತ್ತಿಲ್ಲದ ನಿರ್ದೇಶಕರಿಗೆ ವೋಟು ಹಾಕಬಹುದು. ಬಹಳ ಮಾಲೀಕರು ಆ ಇಮೇಲ್ ತೆರೆಯುವುದೂ ಇಲ್ಲ.

ತಮಾಷೆ ಅಂದರೆ ಇಲ್ಲಿಯೂ ಅದೇ ರೋಗ. ಆಲ್ಬರ್ಟಾದ ಸರ್ವಸ್ ಮತ್ತು ಕನೆಕ್ಟ್‌ಫಸ್ಟ್ ಎಂಬ ಎರಡು ದೊಡ್ಡ ಕ್ರೆಡಿಟ್ ಯೂನಿಯನ್‌ಗಳು 2024ರ ಮೇ 1ರಂದು ಒಂದಾದವು, ಸದಸ್ಯರೇ ವೋಟು ಹಾಕಿ ಒಪ್ಪಿ. ಪ್ರಜಾಪ್ರಭುತ್ವ ಇದ್ದರೆ ಹೀಗಿರಬೇಕು, ನುಂಗಿಸಿಕೊಳ್ಳುವಾಗಲೂ ಕೈ ಎತ್ತಿ ಒಪ್ಪಿಗೆ ಕೊಡಬೇಕು.

ಈ ಮಧ್ಯೆ ಎಟಿಬಿ ಅಂತ ಇನ್ನೊಂದಿದೆ. ಅದು ಬ್ಯಾಂಕೂ ಅಲ್ಲ, ಕ್ರೆಡಿಟ್ ಯೂನಿಯನ್ನೂ ಅಲ್ಲ, ಪ್ರಾಂತ್ಯ ಸರ್ಕಾರದ ಸ್ವತ್ತು. 1930ರ ದಶಕದಲ್ಲಿ ಬ್ಯಾಂಕುಗಳನ್ನು ಬೈದೇ ಗೆದ್ದ ವಿಲಿಯಂ ಅಬರ್‌ಹಾರ್ಟ್ ಸರ್ಕಾರ, ಬ್ಯಾಂಕುಗಳಿಗೆ ಮೂಗುದಾರ ಹಾಕಲು ಹೋಗಿ, ಅದು ನಿಮ್ಮ ಅಧಿಕಾರವಲ್ಲ ಅಂತ ಸುಪ್ರೀಂ ಕೋರ್ಟಿನಿಂದ ಹೇಳಿಸಿಕೊಂಡು, 1938ರಲ್ಲಿ ತನ್ನದೇ ಅಂಗಡಿ ತೆರೆಯಿತು. ಬ್ಯಾಂಕ್ ವಿರೋಧಿಗಳು ಬಿಟ್ಟುಹೋದ ಆಸ್ತಿ ಅಂದರೆ ಇನ್ನೊಂದು ಬ್ಯಾಂಕ್‌ನಂಥದ್ದು.

ಇಷ್ಟೆಲ್ಲ ಕೇಳಿದ ಮೇಲೂ ಹಿರಿಯರೊಬ್ಬರು ತಲೆ ಆಡಿಸಿ, "ಏನೇ ಅನ್ನು, ದೊಡ್ಡ ಬ್ಯಾಂಕೇ ಸೇಫು ಕಣಪ್ಪಾ" ಅನ್ನುತ್ತಾರೆ. ವಿಮೆ ವಿಷಯಕ್ಕೆ ಬಂದರೆ ದೊಡ್ಡ ಬ್ಯಾಂಕಿನ ಠೇವಣಿಗೆ ಪ್ರತಿ ವರ್ಗದಲ್ಲಿ (ಒಬ್ಬರ ಹೆಸರಿನದು, ಜಂಟಿ ಖಾತೆ, ಹೀಗೆ) 1 ಲಕ್ಷ ಡಾಲರ್‌ವರೆಗೆ ರಕ್ಷಣೆ, ಆಲ್ಬರ್ಟಾದ ಕ್ರೆಡಿಟ್ ಯೂನಿಯನ್ ಠೇವಣಿಗೆ ಮಿತಿಯೇ ಇಲ್ಲ, ಪೂರ್ತಿ ರಕ್ಷಣೆ. ಅದನ್ನು ಹೇಳಿದರೆ ಅವರು ಕೇಳುವುದಿಲ್ಲ. ಹೋಗಲಿ ಬಿಡಿ, ನಮ್ಮಲ್ಲಿ ಎಷ್ಟು ಜನರ ಹತ್ತಿರ 1 ಲಕ್ಷ ದಾಟುವ ಠೇವಣಿ ಇದೆ?

ಬ್ಯಾಂಕ್ ಬದಲಿಸುತ್ತೇನೆ ಅಂತ ಹೊರಟವರ ಪಾಡು ಬೇರೆ. ಸಂಬಳ, ಬಾಡಿಗೆ, ಕಾರಿನ ಕಂತು, ಫೋನ್ ಬಿಲ್ಲು ಎಲ್ಲ ಹಳೇ ಖಾತೆಗೆ ಗಂಟು ಬಿದ್ದಿರುತ್ತವೆ. ಒಂದೊಂದಕ್ಕೂ ಹೊಸ ಖಾತೆಯ ವಾಯ್ಡ್ ಚೆಕ್ ಕೊಡಬೇಕು, ಅಂದರೆ ದುಡ್ಡು ತೆಗೆಯಲಾಗದಂತೆ ರದ್ದು ಮಾಡಿದ ಚೆಕ್. ಭಾರತದಲ್ಲಿ 2016ರಿಂದ ಯುಪಿಐ ಇದೆ, ಎಳನೀರಿನವನಿಗೂ ಸ್ಕ್ಯಾನ್ ಮಾಡಿ ಕೊಡುತ್ತೇವೆ. ಇಲ್ಲಿ ಗ್ರಾಹಕರ ಮಾಹಿತಿಯನ್ನು ಅವರ ಕೈಗೇ ಕೊಟ್ಟು ಬ್ಯಾಂಕ್ ಬದಲಿಸುವುದನ್ನು ಸುಲಭ ಮಾಡುವ ಓಪನ್ ಬ್ಯಾಂಕಿಂಗ್ ಬಗ್ಗೆ ಪರಿಶೀಲಿಸುತ್ತೇವೆ ಅಂತ ಸರ್ಕಾರ ಹೇಳಿದ್ದು 2018ರ ಬಜೆಟ್‌ನಲ್ಲಿ. ಆಮೇಲೆ ಸಮಿತಿ, ವರದಿ, ಮತ್ತೆ ಸಮಾಲೋಚನೆ.

ಕೊನೆಗೂ ಧೈರ್ಯ ಮಾಡಿ ಖಾತೆ ಮುಚ್ಚಲು ಹೋದರೆ, ಅಲ್ಲಿಯವರೆಗೆ ಮುಖ ನೋಡದ ಬ್ಯಾಂಕಿನವರು ಕುರ್ಚಿ ಹಾಕಿ ಕೂರಿಸುತ್ತಾರೆ. ನಿಮ್ಮಂಥ ಗ್ರಾಹಕರನ್ನು ಕಳಕೊಳ್ಳೋದುಂಟೇ, ತಿಂಗಳ ಶುಲ್ಕ ಮಾಫಿ ಮಾಡ್ತೀವಿ ಅನ್ನುತ್ತಾರೆ. ಆರು ತಿಂಗಳಿಗೆ. ಏಳನೇ ತಿಂಗಳು ಅದು ತಾನಾಗಿಯೇ ಶುರುವಾಗುತ್ತದೆ, ಅದಕ್ಕೆ ಯಾವ ಅರ್ಜಿಯೂ ಬೇಕಿಲ್ಲ.