ಪವಿತ್ರ ಬೆಟ್ಟಕ್ಕೆ ಕ್ಯಾಮೆರಾ ಹಿಡಿಯಬಹುದೇ?

ಪರ: ಹಿಡಿಯದಿದ್ದರೆ ಬೆಟ್ಟಕ್ಕೇ ನಷ್ಟ

ಹಿಡಿಯಲೇಬೇಕು. 1861ರಲ್ಲಿ ಫೋಟೊಗ್ರಾಫರ್ ಕಾರ್ಲ್‌ಟನ್ ವಾಟ್ಕಿನ್ಸ್ ಫೋಟೊ ಮೂಡಿಸುವ 18ಕ್ಕೆ 22 ಇಂಚಿನ ಗಾಜಿನ ಪ್ಲೇಟುಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಅಮೆರಿಕದ ಯೊಸೆಮಿಟಿ ಕಣಿವೆಗೆ ಹೋದರು. ಆ ಚಿತ್ರಗಳು ವಾಷಿಂಗ್ಟನ್ ತಲುಪಿದವು. 1864ರಲ್ಲಿ ಅಧ್ಯಕ್ಷ ಲಿಂಕನ್ ಕಣಿವೆಯನ್ನು ಕಾಪಾಡುವ ಕಾನೂನಿಗೆ ಸಹಿ ಹಾಕಿದರು. ಅದೇ ರೀತಿ 1871ರಲ್ಲಿ ವಿಲಿಯಂ ಹೆನ್ರಿ ಜಾಕ್ಸನ್ ಅಮೆರಿಕದ್ದೇ ಯೆಲ್ಲೋಸ್ಟೋನ್ ಪ್ರದೇಶದ ಫೋಟೊ ತೆಗೆದರು, ಮರುವರ್ಷ ಅದು ರಾಷ್ಟ್ರೀಯ ಉದ್ಯಾನ. ಕ್ಯಾಮೆರಾ ಕಾಯುತ್ತದೆ ಅನ್ನೋದಕ್ಕೆ ಇನ್ನೇನು ಬೇಕು?

ಸುಮ್ನೆ ಕ್ಲಿಕ್ ಮಾಡಿ ಹೋಗ್ತಾರೆ ಅನ್ನುವವರಿಗೆ ನನ್ನದೇ ಕಥೆ. ಜನ ಪೂಜಿಸುವ ಬೆಟ್ಟವೊಂದರ ಎದುರು ಹಳೇ ಪ್ಲೇಟ್ ಕ್ಯಾಮೆರಾ ನಿಲ್ಲಿಸಿ, ಮಂಜು ಸರಿಯಲೆಂದು ನಾಲ್ಕು ಗಂಟೆ ಕಾದೆ. ಪೂಜೆಗೆ ಬಂದ ಅಜ್ಜ ಒಬ್ಬರು "ಏನಪ್ಪಾ ಮಾಡ್ತಿದ್ದೀಯಾ?" ಎಂದರು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿಸಿ ತೋರಿಸಿದೆ. ಇಂಥ ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗು. "ಬೆಟ್ಟಾನೇ ಮಗುಚಿ ಹಾಕಿದ್ದೀಯಲ್ಲೋ!" ಎಂದು ನಕ್ಕರು. ಆಮೇಲೆ ಆ ಬಟ್ಟೆಯೊಳಗೇ ಕೈ ಮುಗಿದರು. ಮಂಜು ಸರಿಯಲೇ ಇಲ್ಲ, ಒಂದೂ ಫೋಟೊ ಸಿಗಲಿಲ್ಲ. ಆದರೂ ಅಷ್ಟು ಹೊತ್ತು ನಾನು ಯಾವ ಗುಡಿಯಲ್ಲೂ ನಿಂತವನಲ್ಲ.

ಅಲ್ಲಿನ ಜನರ ಒಪ್ಪಿಗೆ ಬೇಡವೇ ಅಂತೀರಾ? ಫೋಟೊ ತೆಗೆದರೆ ಬೆಟ್ಟಕ್ಕೇನು ದೃಷ್ಟಿ ತಾಗುತ್ತದೆಯೇ!

ವಿರೋಧ: ಎಲ್ಲವೂ ಗೋಡೆಗಲ್ಲ

ನನ್ನ ಪಾಲಿಗೆ ಈ ಕಡೆ ಬಂತು, ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನಮ್ಮನೆ ಗೋಡೆಯ ಮೇಲೂ ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ತೆಗೆದ, ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಚಿತ್ರವಿದೆ. 1927ರದ್ದು. ಕಡುಕೆಂಪು ಫಿಲ್ಟರ್ ಹಾಕಿ ಹಗಲಿನ ಆಕಾಶವನ್ನೇ ಕಪ್ಪಾಗಿಸಿದ್ದರು. ಚೆಂದವೇ. ಆದರೆ ಕಣ್ಣಿಗೆ ಹಾಗೆ ಕಾಣುವುದಿಲ್ಲ, ಅಲ್ವಾ? ಇದು ಸಣ್ಣ ತಕರಾರು.

ದೊಡ್ಡ ತಕರಾರು ಆಸ್ಟ್ರೇಲಿಯಾದ ಉಲುರು ಎಂಬ ಪವಿತ್ರ ಬಂಡೆಯದು. ಬಂಡೆಯ ಕೆಲವು ಭಾಗಗಳ ಫೋಟೊ ಬೇಡ ಅಂತಾರೆ ಅಲ್ಲಿನ ಆನಂಗು ಜನ. ಅವರಿಗೆ ಅಲ್ಲಿನ ಗೆರೆ, ಗುಳಿಗಳೇ ಶಾಸ್ತ್ರ. ಅಲ್ಲೇ ನಿಂತು ನೋಡಬೇಕು, ನೋಡತಕ್ಕವರೇ ನೋಡಬೇಕು. ಕೆಲವು ಜಾಗ ಗಂಡಸರದು, ಕೆಲವು ಹೆಂಗಸರದು. ಫೋಟೊಗೆ ಆ ಕಟ್ಟುಪಾಡು ಎಲ್ಲಿದೆ?

ಯೊಸೆಮಿಟಿಯ ಮೂಲ ಜನರನ್ನು 1851ರಲ್ಲೇ ಬಂದೂಕಿನ ಪಡೆ ಕಣಿವೆಯಿಂದ ಹೊರಗಟ್ಟಿತ್ತು. ನಮ್ಮ ಗೋಡೆಯ ಚಿತ್ರದಲ್ಲಂತೂ ಒಬ್ಬ ಮನುಷ್ಯನೂ ಇಲ್ಲ. ಹಾಗಾದರೆ ಅದನ್ನು ಇಳಿಸ್ತೀರಾ ಅಂತ ಕೇಳಬೇಡಿ. ಮೊಳೆ ಹೊಡೆದಾಗಿದೆ.