ಎಡದ ಸ್ಪೀಕರಿನ ಮೇಲೆ ಅನುಮಾನ ಪಡುವ ಮೊದಲು

ಮನೆಗೆ ಸ್ಟೀರಿಯೊ ಕೊಳ್ಳುವವರು ವಿವರಪಟ್ಟಿಯಲ್ಲಿ ಮೊದಲು ವ್ಯಾಟ್ ನೋಡುತ್ತಾರೆ, ಸ್ವಲ್ಪ ತಿಳಿದವರು ‘50 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಪ್ಲಸ್ ಅಥವಾ ಮೈನಸ್ 3 ಡೆಸಿಬೆಲ್’ ಎಂಬಂಥ ಸಾಲನ್ನೂ ಓದುತ್ತಾರೆ. ಹರ್ಟ್ಸ್ ಎಂದರೆ ಆವರ್ತನದ, ಅಂದರೆ ದನಿ ಎಷ್ಟು ತಗ್ಗು ಅಥವಾ ಏರು ಎಂಬುದರ ಅಳತೆ; ಡೆಸಿಬೆಲ್ ದನಿಯ ಜೋರಿನ ಅಳತೆ. ಆ ಸಾಲು ಹೇಳುವುದು ಒಂದು ಸ್ಪೀಕರಿನ ವಿಷಯವನ್ನು ಮಾತ್ರ. ಒಂದೇ ಪೆಟ್ಟಿಗೆಯಲ್ಲಿ ಬಂದ ಜೋಡಿಯಲ್ಲಿ ಒಂದು ಸ್ಪೀಕರು ಯಾವುದೋ ಒಂದು ಆವರ್ತನದಲ್ಲಿ 3 ಡೆಸಿಬೆಲ್ ಮೇಲೆ, ಇನ್ನೊಂದು ಅಲ್ಲೇ 3 ಡೆಸಿಬೆಲ್ ಕೆಳಗೆ ಇದ್ದರೂ ಎರಡೂ ಪಟ್ಟಿಯ ಮಾತಿಗೆ ತಪ್ಪಿದಂತಾಗುವುದಿಲ್ಲ. ಆದರೆ ಅವೆರಡರ ನಡುವೆ 6 ಡೆಸಿಬೆಲ್ ಅಂತರವಿರುತ್ತದೆ. ಎರಡು ಸ್ಪೀಕರುಗಳು ಪರಸ್ಪರ ಎಷ್ಟು ಹೋಲುತ್ತವೆ ಎಂಬ ಅಂಕಿಯನ್ನು ಕೆಲವೇ ತಯಾರಕರು ಮುದ್ರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಸ್ಟೀರಿಯೊಗೆ ಅತ್ಯಂತ ಮುಖ್ಯವಾದ ಅಂಕಿ ಅದೇ.

ಕಾರಣವಿಷ್ಟೆ: ಇಂಗ್ಲೆಂಡಿನ ಇಎಂಐ ಸಂಸ್ಥೆಯಲ್ಲಿದ್ದ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸ್ಟೀರಿಯೊ ವಿಧಾನವೆಲ್ಲ ನಿಂತಿರುವುದು, ಸ್ಪೀಕರೇ ಇಲ್ಲದ ಜಾಗದಿಂದ ದನಿ ಬಂದಂತೆ ಕೇಳಿಸುವ ನಮ್ಮ ಕಿವಿಯ ಸ್ವಭಾವದ ಮೇಲೆ. ಎರಡೂ ಕಡೆಯಿಂದ ಒಂದೇ ದನಿ ಒಂದೇ ಪ್ರಮಾಣದಲ್ಲಿ ಒಂದೇ ಹೊತ್ತಿಗೆ ಬಂದರೆ ಹಾಡುಗಾರರು ನಟ್ಟನಡುವೆ ಕುಳಿತಂತೆ ಕೇಳಿಸುತ್ತದೆ. ಒಂದು ಕಡೆ ಒಂದೆರಡು ಡೆಸಿಬೆಲ್ ಹೆಚ್ಚಾದರೆ ಅವರು ಆ ಕಡೆಗೆ ಸರಿಯುತ್ತಾರೆ. ಒಂದು ಸ್ಪೀಕರು ಇನ್ನೊಂದಕ್ಕಿಂತ ಒಂದು ಅಡಿಯಷ್ಟು ಹತ್ತಿರವಿದ್ದರೆ, ಅಂದರೆ ದನಿ ಸುಮಾರು ಒಂದು ಮಿಲಿಸೆಕೆಂಡ್ ಮೊದಲು ತಲುಪಿದರೆ, ಹೆಚ್ಚುಕಡಿಮೆ ಆ ಸ್ಪೀಕರಿನೊಳಗೇ ಹೋಗಿ ಸೇರುತ್ತಾರೆ. ಹಾಗಾಗಿ ಕಿವಿಯನ್ನು ದೂರುವ ಮೊದಲು ಅಳತೆ ಟೇಪನ್ನು ಹಿಡಿಯುವುದು ಒಳ್ಳೆಯದು.

ವ್ಯತ್ಯಾಸವನ್ನು ಗುರುತಿಸಲು ಎಡ, ಬಲ ಎರಡರಲ್ಲೂ ಒಂದೇ ದನಿಯಿರುವ ಹಳೆಯ ಮೊನೊ ಧ್ವನಿಮುದ್ರಿಕೆಗಿಂತ ಒಳ್ಳೆಯ ಸಾಧನವಿಲ್ಲ. ಒಂಟಿ ಕಂಠದ ಹಾಡನ್ನು ಹಾಕಿ, ಎರಡು ಸ್ಪೀಕರುಗಳಿಗೂ ಸಮದೂರದಲ್ಲಿ ಕುಳಿತು ಕೇಳಬೇಕು. ಇಡೀ ದನಿ ಒಂದು ಕಡೆ ವಾಲಿದ್ದರೆ ಅದು ಬರಿಯ ಪ್ರಮಾಣದ ವ್ಯತ್ಯಾಸ, ಬ್ಯಾಲೆನ್ಸ್ ನಾಬ್‌ನಿಂದ ಸರಿಹೋಗುತ್ತದೆ. ಕಂಠದ ಗಾತ್ರ ನಡುವೆಯೇ ಇದ್ದು ಸಕಾರ, ಶಕಾರಗಳು ಮಾತ್ರ ಬಲಕ್ಕೆ ಜಾರುತ್ತಿದ್ದರೆ ಏರು ಸ್ವರಗಳನ್ನು ನುಡಿಸುವ ಎರಡು ಟ್ವೀಟರುಗಳು ಒಂದೇ ರೀತಿ ನುಡಿಯುತ್ತಿಲ್ಲ ಎಂದರ್ಥ, ಇದನ್ನು ಯಾವ ನಾಬೂ ಸರಿಪಡಿಸದು. ದನಿ ಎಲ್ಲಿಯೂ ನಿಲ್ಲದೆ ಕೋಣೆಯೆಲ್ಲ ಹರಡಿಕೊಂಡು ಬೇಸ್ ತೆಳುವಾಗಿದ್ದರೆ, ಒಂದು ಸ್ಪೀಕರಿನ ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿವೆ.

ಆದರೂ ಮನೆಗಳಲ್ಲಿ ಕೇಳಿಬರುವ ಎಡ–ಬಲದ ವ್ಯತ್ಯಾಸಕ್ಕೆ ಬಹುಪಾಲು ಕಾರಣ ಸ್ಪೀಕರಲ್ಲ, ಕೋಣೆ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹಾಲ್‌ಗಳನ್ನೇ ನೋಡಿ: ಒಂದು ಬದಿಗೆ ಗಟ್ಟಿ ಗೋಡೆ, ಇನ್ನೊಂದು ಬದಿ ಊಟದ ಮೇಜಿಗೂ ಅಡುಗೆಮನೆಗೂ ತೆರೆದ ಜಾಗ, ಒಂದು ಕಡೆ ಬಾಲ್ಕನಿಯ ಗಾಜು, ಇನ್ನೊಂದು ಕಡೆ ದಪ್ಪ ಪರದೆ, ಕೆಳಗೆಲ್ಲ ಟೈಲ್ಸ್. ಮೂಲೆಯಲ್ಲಿ ಕುಳಿತ ಸ್ಪೀಕರಿಗೆ ಎರಡು ಗೋಡೆಗಳೂ ನೆಲವೂ ಸೇರಿ ಬೇಸನ್ನು ಹಿಗ್ಗಿಸಿ ಕೊಡುತ್ತವೆ, ತೆರೆದ ಬದಿಯ ಸ್ಪೀಕರಿಗೆ ಆ ಭಾಗ್ಯವಿಲ್ಲ. ಗೋಡೆಯಿಂದ ಒಂದು ಮೀಟರ್ ದೂರದಲ್ಲಿರುವ ಸ್ಪೀಕರಿನ ನೇರ ದನಿಯೂ ಗೋಡೆಗೆ ಬಡಿದು ಮರಳಿದ ದನಿಯೂ ಸುಮಾರು 86 ಹರ್ಟ್ಸ್‌ನಲ್ಲಿ ಒಂದನ್ನೊಂದು ಕಡಿದುಹಾಕುವುದರಿಂದ ಅಲ್ಲೊಂದು ಹಳ್ಳ ಬೀಳುತ್ತದೆ. ಜೊತೆಯ ಸ್ಪೀಕರು ಬೇರೆ ದೂರದಲ್ಲಿದ್ದರೆ ಅದರ ಹಳ್ಳವೂ ಬೇರೆಡೆ. ಸಾಮಾನ್ಯ ಅಳತೆಯ ಕೋಣೆಗಳಲ್ಲಿ ಸುಮಾರು 200–300 ಹರ್ಟ್ಸ್‌ನ ಕೆಳಗೆ ನಾವು ಕೇಳುವುದು ಸ್ಪೀಕರಿಗಿಂತ ಹೆಚ್ಚಾಗಿ ಕೋಣೆಯನ್ನೇ. ಹತ್ತು ಸಾವಿರ ರೂಪಾಯಿಯ ಕೇಬಲ್ಲನ್ನು ಇದಕ್ಕೆ ಪರಿಹಾರವೆಂದು ಮಾರುವವರನ್ನು ಕಂಡರೆ ನನಗೆ ನಗು ಬರುತ್ತದೆ, ಕೆಲವೊಮ್ಮೆ ಸಿಟ್ಟೂ ಬರುತ್ತದೆ.

ದೋಷ ಎಲ್ಲಿದೆಯೆಂದು ಕಂಡುಹಿಡಿಯಲು ಒಂದು ಪೈಸೆಯೂ ಬೇಕಿಲ್ಲ. ಮೊದಲು ಆಂಪ್ಲಿಫೈಯರನ್ನು ಆಫ್ ಮಾಡಿ, ಅದರ ಹಿಂಭಾಗದಲ್ಲಿ ಎಡ, ಬಲ ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ಅದೇ ಮೊನೊ ಹಾಡನ್ನು ಹಾಕಬೇಕು. ಕುಂದು ಇನ್ನೊಂದು ಬದಿಗೆ ಹೋದರೆ ದೋಷ ಆಂಪ್ಲಿಫೈಯರಿನಲ್ಲೋ ಅದಕ್ಕೆ ಹಾಡು ಕಳಿಸುವ ಸಾಧನದಲ್ಲೋ ಇದೆ. ಕುಂದು ಅಲ್ಲೇ ಉಳಿದರೆ ಸ್ಪೀಕರುಗಳನ್ನೇ ಎತ್ತಿ ಜಾಗ ಬದಲಿಸಬೇಕು: ಆಗ ಅದು ಸ್ಪೀಕರಿನ ಜೊತೆ ಹೋದರೆ ಸ್ಪೀಕರಿನದು, ಜಾಗದಲ್ಲೇ ಉಳಿದರೆ ಕೋಣೆಯದು. ಕುರ್ಚಿಯನ್ನು ತಿರುಗಿಸಿ ಸ್ಪೀಕರುಗಳಿಗೆ ಬೆನ್ನು ಹಾಕಿ ಕೇಳುವುದೂ ಉಪಯುಕ್ತ; ಮಂಕು ದನಿ ಅದೇ ಕಿವಿಯ ಬದಿಗೇ ಬಂದರೆ ಭೇಟಿ ಮಾಡಬೇಕಾದದ್ದು ಕಿವಿಯ ವೈದ್ಯರನ್ನು. ಕಿವಿಯನ್ನು ನಂಬದವರು ಯಾವ ಆವರ್ತನ ಎಷ್ಟು ಜೋರೆಂದು ತೋರಿಸುವ ಫೋನಿನ ಸ್ಪೆಕ್ಟ್ರಮ್ ಆ್ಯಪ್ ಬಳಸಬಹುದು. ಫೋನಿನ ಮೈಕ್ ಕರಾರುವಾಕ್ಕಲ್ಲ, ಆದರೆ ಅದನ್ನು ಒಂದೇ ಜಾಗದಲ್ಲಿಟ್ಟು ಎಡವನ್ನೂ ಬಲವನ್ನೂ ಬೇರೆಬೇರೆಯಾಗಿ ಅಳೆದರೆ ಅದರ ತಪ್ಪು ಎರಡು ಅಳತೆಗಳಲ್ಲೂ ಒಂದೇ ಆಗಿರುವುದರಿಂದ ಹೋಲಿಕೆಗೆ ಅಡ್ಡಿಯಾಗುವುದಿಲ್ಲ.

ರಾತ್ರಿ ಮೆಲ್ಲಗೆ ಕೇಳುವಾಗ ಮಾತ್ರ ದನಿ ಒಂದು ಕಡೆ ವಾಲುತ್ತದೆಯೇ? ಹಾಗಿದ್ದರೆ ತಪ್ಪು ವಾಲ್ಯೂಮ್ ನಾಬ್‌ನದಿರಬಹುದು. ಅದರ ಒಂದೇ ದಂಡಕ್ಕೆ ಜೋಡಿಸಿದ, ಎಡ–ಬಲದ ಜೋರನ್ನು ಏರಿಳಿಸುವ ಎರಡು ಪೊಟೆನ್ಶಿಯೊಮೀಟರುಗಳು ಆರಂಭದ ತಿರುವಿನಲ್ಲಿ ಸಮವಾಗಿ ಸಾಗುವುದಿಲ್ಲ, ಸ್ವಲ್ಪ ಜೋರು ಮಾಡಿದ ಕೂಡಲೆ ಸರಿಹೋಗುತ್ತದೆ. ಹಳೆಯ ಸ್ಪೀಕರುಗಳದು ಬೇರೆ ಕಥೆ. ಏರು, ತಗ್ಗು ಸ್ವರಗಳನ್ನು ಬೇರ್ಪಡಿಸಿ ಕಳಿಸುವ ಕ್ರಾಸ್‌ಓವರಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ, ತಗ್ಗು ಸ್ವರ ನುಡಿಸುವ ವೂಫರಿನ ಅಂಚಿನ ಫೋಮ್ ತೇವ ಹೆಚ್ಚಿರುವ ಕರಾವಳಿಯ ಹವೆಯಲ್ಲಿ ಬೇಗನೆ ಪುಡಿಯಾಗುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಎಸ್‌ಪಿ ರಸ್ತೆಯಲ್ಲಿ ಹುಡುಕಿ ‘ಹೆಚ್ಚುಕಡಿಮೆ ಅದೇ’ ಎನ್ನುವ ಟ್ವೀಟರನ್ನು ತಂದು ಒಂದಕ್ಕೆ ಮಾತ್ರ ಹಾಕಿಸಿದರೆ ರಿಪೇರಿಯೇನೋ ಆಗುತ್ತದೆ, ಜೋಡಿ ಮಾತ್ರ ಒಡೆಯುತ್ತದೆ. ಹಾಕಿಸುವುದಾದರೆ ಎರಡಕ್ಕೂ ಹಾಕಿಸಬೇಕು.

ಕೆಲವು ಮುದ್ರಿಕೆಗಳಲ್ಲಿ ಎಡ–ಬಲ ಬೇರೆಯಾಗಿರುವುದೇ ಸರಿ. ಕರ್ನಾಟಕ ಸಂಗೀತ ಕಛೇರಿಯಲ್ಲಿ ಸಾಮಾನ್ಯವಾಗಿ ಸಭಿಕರ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು ಇರುತ್ತವೆ. ವೇದಿಕೆಯನ್ನು ಇದ್ದಂತೆಯೇ ಹಿಡಿದ ಮುದ್ರಿಕೆಯಲ್ಲೂ ಹಾಗೆಯೇ ಕೇಳಿಸಬೇಕು. ಎಡದ ಸ್ಪೀಕರಿನಲ್ಲಿ ಪೆಟ್ಟು ಹೆಚ್ಚೆಂದು ಬ್ಯಾಲೆನ್ಸ್ ತಿರುಗಿಸಿದರೆ ಪಕ್ಕವಾದ್ಯದವರ ಆಸನವನ್ನೇ ಅಲುಗಾಡಿಸಿದಂತಾಗುತ್ತದೆ. ಅಂಗಡಿಗೆ ಸ್ಪೀಕರು ನೋಡಲು ಹೋಗುವವರು ಇಂಥ ಕಛೇರಿಯ ಜೊತೆಗೆ ಒಂದು ಮೊನೊ ಹಾಡನ್ನೂ ಒಯ್ಯಲಿ. ಪ್ರದರ್ಶನದ ಜೋಡಿಯನ್ನಲ್ಲ, ತಾವು ಮನೆಗೆ ತರಲಿರುವ ಜೋಡಿಯನ್ನೇ ಬಿಚ್ಚಿಸಿ, ಎರಡನ್ನೂ ಅದಲುಬದಲು ಮಾಡಿಸಿ ಕೇಳಲಿ.