ಅಲಾಯ್ ದೊಡ್ಡದಾಯ್ತು, ಮೈಲೇಜ್ ಎಲ್ಲಿ ಹೋಯ್ತು?

15 ಇಂಚಿನ ಸ್ಟೀಲ್ ರಿಮ್ ಬಿಚ್ಚಿಸಿ 17 ಇಂಚಿನ ಅಲಾಯ್ (ಮಿಶ್ರಲೋಹದ ರಿಮ್) ಹಾಕಿಸಿದ ಹೊಸದರಲ್ಲಿ, ಕಾರು ನಿಲ್ಲಿಸಿ ಹೋಗೋವಾಗ ಮೂರು ಮೂರು ಸಲ ತಿರುಗಿ ನೋಡ್ತಿದ್ದೆ. ಮುಂದಿನ ಸಲ ಟ್ಯಾಂಕ್ ಫುಲ್ ಮಾಡ್ಸಿ ಲೆಕ್ಕ ಹಾಕಿದಾಗ ಮುಖ ಸಪ್ಪಗಾಯ್ತು. ಮೈಲೇಜ್ ಇಳಿದಿತ್ತು. ಕೇಳಿದೋರೆಲ್ಲ "ದೊಡ್ಡ ಚಕ್ರ ಅಂದ್ಮೇಲೆ ಕುಡಿಯುತ್ತೆ ಬಿಡಿ" ಅಂದ್ರು, ಯಾಕೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ.

ಸರಿ ಅಂತ ನಾನೇ ಕೂತು ನೋಡಿದೆ. ಮೊದಲು ಸಿಕ್ಕಿಬಿದ್ದ ಕಳ್ಳ ಓಡೋಮೀಟರ್, ಅಂದ್ರೆ ಓಡಿದ ದೂರ ತೋರಿಸೋ ಮೀಟರ್! ಹಳೇ ಟೈರ್ 185/65 ಆರ್15 (185 ಮಿಮೀ ಅಗಲ, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 65, ರಿಮ್ 15 ಇಂಚು), ಒಟ್ಟು ವ್ಯಾಸ ಸುಮಾರು 622 ಮಿಮೀ. ಹೊಸದು 205/50 ಆರ್17, ಅದು 637. ಅಂದ್ರೆ ಚಕ್ರ ಒಂದು ಸುತ್ತು ತಿರುಗಿದ್ರೆ ಕಾರು ಮೊದಲಿಗಿಂತ ಶೇಕಡ 2.5ರಷ್ಟು ಜಾಸ್ತಿ ಮುಂದೆ ಹೋಗುತ್ತೆ, ಆದ್ರೆ ಮೀಟರ್ ಎಣಿಸೋದು ಸುತ್ತನ್ನ ಅಷ್ಟೇ, ಟೈರ್ ಬದಲಾಗಿದ್ದು ಅದಕ್ಕೇನು ಗೊತ್ತು ಪಾಪ. ಅದು 500 ಕಿಮೀ ಅಂತ ತೋರಿಸೋವಾಗ ನಾನು ನಿಜವಾಗ್ಲೂ ಓಡ್ಸಿರೋದು 512. ಆ 12 ಕಿಮೀಗೆ ಪೆಟ್ರೋಲ್ ಸುಟ್ಟಿದ್ದು ಲೆಕ್ಕಕ್ಕೆ ಬಂತು, ದೂರ ಬರ್ಲಿಲ್ಲ. (ಸ್ಪೀಡೋಮೀಟರ್ ಕೂಡ ಇದೇ ರೀತಿ ಮೊದಲಿಗಿಂತ ಕಮ್ಮಿ ತೋರಿಸುತ್ತೆ, ಹುಷಾರು.) ಅದಕ್ಕೇ ಟೈರ್ ಬದಲಾಯಿಸಿದ್ಮೇಲೆ ಮೈಲೇಜ್ ನೋಡೋದಾದ್ರೆ ಜಿಪಿಎಸ್ ದೂರ ಹಿಡಿದು ನೋಡಿ.

ಹಾಗಂತ ಪೂರ್ತಿ ತಪ್ಪು ಮೀಟರಿಂದೇ ಅಲ್ಲ. ಕಾರ್ ಅಂಡ್ ಡ್ರೈವರ್ ಪತ್ರಿಕೆಯವರು 2010ರಲ್ಲಿ ಒಂದೇ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ 15ರಿಂದ 19 ಇಂಚಿನವರೆಗೂ ಚಕ್ರ ಬದಲಾಯಿಸಿ ಓಡ್ಸಿದ್ರು, ಕೊನೆಗೆ ಮೈಲೇಜ್ ಶೇಕಡ 10ರಷ್ಟು ಬಿದ್ದಿತ್ತು.

ಇದಕ್ಕೆಲ್ಲ ತೂಕಾನೇ ಕಾರಣ ಅಂತಾರೆ, ಚಕ್ರದಲ್ಲಿ ಒಂದು ಕೆಜಿ ಜಾಸ್ತಿ ಆದ್ರೆ ಬಾಡಿಯಲ್ಲಿ ಹತ್ತು ಕೆಜಿ ಜಾಸ್ತಿ ಆದಂಗೆ ಅಂತ ಒಂದು ಮಾತು ಬೇರೆ ಓಡಾಡ್ತಿದೆ. ಫಿಸಿಕ್ಸ್ ಪ್ರಕಾರ ಇದು ಸುಳ್ಳು. ಉರುಳೋ ಚಕ್ರದ ತೂಕ ಎಲ್ಲಾ ಅಂಚಲ್ಲೇ ಇದ್ರೂ ಪಿಕಪ್‌ಗೆ ಬೇಕಾಗೋ ಶಕ್ತಿ ಎರಡು ಪಟ್ಟು ಆಗ್ಬೋದು, ಅದಕ್ಕಿಂತ ಮೇಲೆ ಇಲ್ಲ. ಚಕ್ರಕ್ಕೆ 4 ಕೆಜಿ ಹೆಚ್ಚಾಯ್ತು ಅಂದ್ಕೊಳ್ಳಿ, ನಾಲ್ಕಕ್ಕೂ ಸೇರಿ 16, ಎರಡು ಪಟ್ಟು ಅಂದ್ರೂ 32. ಹತ್ತು ವರ್ಷದ ಹುಡುಗನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡಷ್ಟು. ಸಿಗ್ನಲ್ಲಿಗೊಂದು ಸಲ ನಿಂತು ಹೊರಡೋ ಟ್ರಾಫಿಕ್ಕಲ್ಲಿ ಇದು ಸ್ವಲ್ಪ ತಟ್ಟುತ್ತೆ, ಹೈವೇಲಿ ಒಂದೇ ಸ್ಪೀಡಲ್ಲಿ ಹೋಗ್ತಿದ್ರೆ ಗೊತ್ತೂ ಆಗಲ್ಲ.

ನನ್ನ ಪ್ರಕಾರ ಜಾಸ್ತಿ ತಿನ್ನೋದು ಅಗಲ ಮತ್ತೆ ರಬ್ಬರ್. ಟೈರ್ ನೆಲಕ್ಕೆ ತಾಗೋ ಜಾಗದಲ್ಲಿ ಪ್ರತಿ ಸುತ್ತಿಗೂ ಬಾಗಿ ಮತ್ತೆ ನೇರ ಆಗುತ್ತೆ, ಆವಾಗೆಲ್ಲ ಶಕ್ತಿ ಬಿಸಿಯಾಗಿ ಹೋಗ್ತಾ ಇರುತ್ತೆ. ಇನ್ನು ಇಂಚು ಏರಿಸಿದ್ರೆ ಅಂಗಡಿಯೋರು ಅಗಲಾನೂ ಏರಿಸ್ತಾರೆ, ಮೆತ್ತನೆ ರಬ್ಬರಿನ ಗ್ರಿಪ್ ಟೈರ್ ಕೊಡ್ತಾರೆ. ಜೊತೆಗೆ ಅಗಲ ಟೈರು ಗಾಳಿಗೂ ಅಡ್ಡ ನಿಲ್ಲುತ್ತೆ, ಹೈವೇಲಿ ಅದೂ ಸೇರ್ಕೊಳ್ಳುತ್ತೆ.

ಬರೀ ದೊಡ್ಡದಾಗಿದ್ರೆ ಕುಡಿಯುತ್ತೆ ಅನ್ನೋರು ಬಿಎಂಡಬ್ಲ್ಯೂ ಐ3 ನೋಡ್ಬೇಕು. 2013ರಲ್ಲಿ ಬಂದ ಎಲೆಕ್ಟ್ರಿಕ್ ಕಾರು, ರೇಂಜ್ (ಒಂದು ಸಲ ಚಾರ್ಜ್ ಮಾಡಿದ್ರೆ ಓಡೋ ದೂರ) ಉಳಿಸೋದೇ ದೊಡ್ಡ ತಲೆನೋವಾಗಿದ್ದ ಗಾಡಿ. ಅದಕ್ಕೆ ಹಾಕಿದ್ದು 155/70 ಆರ್19! ಎತ್ತರ ಹತ್ರಹತ್ರ 70 ಸೆಂಮೀ, ಅಗಲ ಬರೀ 155 ಮಿಮೀ, ಹೆಚ್ಚುಕಮ್ಮಿ ಸೈಕಲ್ ಚಕ್ರದ ಥರ ಕಾಣ್ಸುತ್ತೆ. ವೃತ್ತ ದೊಡ್ಡದಾದಷ್ಟೂ ನೆಲದ ಹತ್ರ ಟೈರ್ ಬಾಗೋದು ಕಮ್ಮಿ, ಸಲೀಸಾಗಿ ಉರುಳುತ್ತೆ. ಎತ್ತಿನಗಾಡಿ ಚಕ್ರ ಮಾಡ್ತಿದ್ದೋರಿಗೆ ಇದನ್ನ ಯಾರೂ ಹೇಳ್ಕೊಡಬೇಕಿರ್ಲಿಲ್ಲ.

ಈ ಟೈರ್ ಸವೆದ ಮೇಲೆ ನಾನಂತೂ 195/55 ಆರ್16ಗೆ ಇಳೀತೀನಿ. ವ್ಯಾಸ 621, ಹಳೇ ಟೈರಿಗೂ ಅದಕ್ಕೂ ಕೂದಲೆಳೆ ವ್ಯತ್ಯಾಸ, ಮೀಟರೂ ಸುಳ್ಳು ಹೇಳಲ್ಲ. 17ರ ಅಲಾಯ್ ಯಾರಿಗಾದ್ರೂ ಬೇಕಿದ್ರೆ ಇನ್‌ಬಾಕ್ಸಿಗೆ ಬನ್ನಿ, ಸ್ಕ್ರ್ಯಾಚ್ ಇಲ್ಲ.